ಐಸಿ ಕೈಯಲ್ಲಿದೆ, ಡೇಟಾಶೀಟ್ ಎಲ್ಲಿದೆ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಹೊಟ್ಟೆಪಾಡಿನ ಕೆಲಸ ಬೇರೆ, ಆಂಪ್ಲಿಫೈಯರ್ ಕಟ್ಟುವುದು, ರಿಪೇರಿ ಮಾಡುವುದು ಹವ್ಯಾಸ. ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಎಸ್‌ಟಿಕೆ 4191 ಐಸಿ ಹೋಗಿತ್ತು. ಹೊಸದು ತಂದು ಹಾಕಿದೆ. ಎರಡೇ ದಿನಕ್ಕೆ ಅದೂ ಹೋಯಿತು. ನೆಟ್‌ನಲ್ಲಿ ಸಿಕ್ಕ ಎರಡು ಡೇಟಾಶೀಟ್ (ಐಸಿಯ ಕಾಲು, ಮಿತಿ, ಸರ್ಕ್ಯೂಟ್ ವಿವರಿಸುವ ಕಂಪನಿಯ ಕಾಗದ) ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಇನ್ನೊಂದು, ಕೆಟ್ಟುಹೋದ ಸೌಂಡ್‌ಬಾರ್‌ನ ಬೋರ್ಡ್‌ನಲ್ಲಿ ಆಂಪ್ಲಿಫೈಯರ್ ಚಿಪ್ ಚೆನ್ನಾಗಿಯೇ ಇದ್ದಂತಿದೆ. ಅದರ ಡೇಟಾಶೀಟ್ ಕೇಳಿ ಕಂಪನಿಗೆ ಬರೆದೆ. ನಿಮ್ಮ ಸಂಸ್ಥೆ ಯಾವುದು, ವರ್ಷಕ್ಕೆ ಎಷ್ಟು ಚಿಪ್ ಕೊಳ್ಳುತ್ತೀರಿ, ಗೋಪ್ಯತೆ ಒಪ್ಪಂದಕ್ಕೆ ಸಹಿ ಹಾಕುತ್ತೀರಾ ಎಂದು ಕೇಳಿದರು. ಒಂದು ಪಿಡಿಎಫ್‌ಗೆ ಇಷ್ಟೆಲ್ಲ ಯಾಕೆ? ನಮ್ಮಂಥವರು ಏನು ಮಾಡಬೇಕು?

ಉತ್ತರ: ವರ್ಷಕ್ಕೆ ಎಷ್ಟು ಕೊಳ್ಳುತ್ತೀರಿ ಅನ್ನುವ ಪ್ರಶ್ನೆ ನನಗೂ ಒಮ್ಮೆ ಬಂದಿತ್ತು. ಸುಳ್ಳು ಯಾಕೆ ಅಂತ 'ಒಂದು' ಎಂದು ಬರೆದೆ. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ನಿಮ್ಮ ಎರಡೂ ತೊಂದರೆ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಆದರೆ ಕಾಯಿಲೆ ಬೇರೆ ಬೇರೆ. ಎಸ್‌ಟಿಕೆ ವಿಷಯದಲ್ಲಿ ಡೇಟಾಶೀಟ್ ಇದೆ, ನಿಮ್ಮ ಕೈಗೆ ಬಂದ ಐಸಿಯ ಮೇಲೆ ನನಗೆ ಅನುಮಾನ. ಸೌಂಡ್‌ಬಾರ್‌ನಲ್ಲಿ ಐಸಿ ನಿಜವಾದದ್ದು, ಡೇಟಾಶೀಟ್‌ಗೆ ಬೀಗ ಹಾಕಿದ್ದಾರೆ. ಎರಡಕ್ಕೂ ಒಂದೇ ಔಷಧಿ ಹುಡುಕುತ್ತಾ ಹೋದರೆ ರಾತ್ರಿ ನಿದ್ದೆ ಹಾಳು, ಅಷ್ಟೇ.

ಮೊದಲು ಬೀಗದ ಮಾತು. ಡೇಟಾಶೀಟ್ ಅಂದರೆ ಪಠ್ಯಪುಸ್ತಕ ಅಂತ ನಾವು ಅಂದುಕೊಳ್ಳುತ್ತೇವೆ. ಚಿಪ್ ಮಾಡುವವರಿಗೆ ಅದು ವ್ಯಾಪಾರದ ಕಾಗದ. ಚಿಪ್ಪನ್ನು ಎಲ್ಲರಿಗೂ ಮಾರಬೇಕಾದಾಗ ಡೇಟಾಶೀಟ್ ಪುಕ್ಕಟೆ ಸಿಗುತ್ತದೆ. ಹತ್ತೇ ಗಿರಾಕಿಗಳಿಗೆ ಮಾರುವ ಚಿಪ್ ಆದರೆ ಆ ಹತ್ತು ಜನರಿಗೆ ಮಾತ್ರ ಸಿಗುತ್ತದೆ. ಮಾರಾಟ ನಿಂತ ಮೇಲೆ ಅದನ್ನು ಕಾಪಾಡಿ ಇಡುವ ದರ್ದು ಯಾರಿಗೂ ಇರುವುದಿಲ್ಲ. ಯಾವ ಚಿಪ್‌ನ ಕಾಗದ ಸಿಗುತ್ತದೆ, ಯಾವುದರದ್ದು ಸಿಗುವುದಿಲ್ಲ ಅಂತ ತಿಳಿಯಬೇಕಾದರೆ ಅದನ್ನು ಯಾರಿಗೆ ಮಾರುತ್ತಾರೆ ಅಂತ ನೋಡಿದರೆ ಸಾಕು.

ನಾನು ಕೆಲಸ ಕಲಿಯುವಾಗ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಒಂದು ದಪ್ಪ ಡೇಟಾ ಬುಕ್ ಇರುತ್ತಿತ್ತು. ಐಸಿ ಕೊಂಡವರಿಗೆ ಆ ಪುಟ ನೋಡಲು ಬಿಡುತ್ತಿದ್ದರು. ಜೆರಾಕ್ಸ್ ಬೇಕಂದರೆ ಪುಸ್ತಕದ ಜೊತೆ ಅಂಗಡಿ ಹುಡುಗನೂ ಬರುತ್ತಿದ್ದ, ನಾವು ಪುಸ್ತಕ ಎತ್ತಿಕೊಂಡು ಓಡಿಹೋಗದ ಹಾಗೆ ಕಾಯಲು. ಜಾಲಹಳ್ಳಿಯ ಬಿಇಎಲ್ ಮಾಡಿದ ಎಸಿ 128 ಟ್ರಾನ್ಸಿಸ್ಟರ್ ಕಾಲುಗಳು ಯಾವುವು ಅಂತ ನಾನು ನೋಡಿದ್ದು ಹಾಗೆಯೇ. ಆಗ ಮಾಹಿತಿ ಕಡಿಮೆ, ಆದರೆ ಸಿಕ್ಕಿದ್ದು ನಿಜ. ಈಗ ಮಾಹಿತಿ ಜಾಸ್ತಿ, ಯಾವುದು ನಿಜ ಅನ್ನುವುದೇ ಗೊತ್ತಾಗುವುದಿಲ್ಲ.

ಈಗ ಅಪ್ಪನ ಆಂಪ್ಲಿಫೈಯರ್‌ಗೆ ಬರೋಣ.

ಎಸ್‌ಟಿಕೆ ಸರಣಿ ಜಪಾನಿನ ಸಾನ್ಯೋ ಕಂಪನಿಯದ್ದು. ನಾವು ಐಸಿ ಅಂತ ಕರೆದರೂ ಅದು ಒಂದೇ ಸಿಲಿಕಾನ್ ಚೂರು ಅಲ್ಲ, ಹೈಬ್ರಿಡ್. ಕೆಳಗೆ ಅಲ್ಯುಮಿನಿಯಂ ತಗಡು, ಅದರ ಮೇಲೆ ಕರೆಂಟ್ ದಾಟದ ತೆಳು ಪದರ, ಅದರ ಮೇಲೆ ತಾಮ್ರದ ಗೆರೆಗಳು, ಬಿಡಿ ಬಿಡಿ ಟ್ರಾನ್ಸಿಸ್ಟರ್ ಚೂರುಗಳು, ರೆಸಿಸ್ಟರ್‌ಗಳು. ಎಲ್ಲದರ ಮೇಲೆ ಒಂದು ಕಪ್ಪು ಮುಚ್ಚಳ. ಒಂದು ಇಡೀ ಆಂಪ್ಲಿಫೈಯರ್ ಬೋರ್ಡನ್ನು ಬೆಂಕಿಪೊಟ್ಟಣದಷ್ಟು ದಪ್ಪಕ್ಕೆ ಒತ್ತಿಟ್ಟ ಹಾಗೆ. 4141 ಅಂದರೆ ಒಂದೊಂದು ಚಾನೆಲ್‌ಗೆ 25 ವ್ಯಾಟ್, 4191 ಅಂದರೆ 50 ವ್ಯಾಟ್. ಎರಡಕ್ಕೂ 18 ಕಾಲು. ಸೆಟ್ ಮಾಡುವ ಕಂಪನಿ ಒಂದೇ ಬೋರ್ಡ್ ಇಟ್ಟುಕೊಂಡು, ಐಸಿ, ಟ್ರಾನ್ಸ್‌ಫಾರ್ಮರ್, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮಾತ್ರ ಬದಲಿಸಿ ಚಿಕ್ಕದು ದೊಡ್ಡದು ಎರಡೂ ಮಾಡೆಲ್ ಮಾರಬಹುದಿತ್ತು.

2011ರ ಆರಂಭದಲ್ಲಿ ಸಾನ್ಯೋದ ಸೆಮಿಕಂಡಕ್ಟರ್ ವಿಭಾಗ ಅಮೆರಿಕದ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಅದೇ ವರ್ಷ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೆ ಸೇರಿತು. ಅದಕ್ಕೂ ಮುಂಚೆ, 2006ರಲ್ಲಿ, ಫಿಲಿಪ್ಸ್‌ನ ಚಿಪ್ ವಿಭಾಗ ಎನ್‌ಎಕ್ಸ್‌ಪಿ ಆಗಿತ್ತು. ಮನೆ ಬದಲಿಸುವಾಗ ಹಳೇ ಟ್ರಂಕು ಯಾವುದೋ ಅಟ್ಟ ಸೇರುತ್ತದಲ್ಲ, ಹಾಗೆ ಈ ಕೈಬದಲಾವಣೆಗಳಲ್ಲಿ ಎಷ್ಟೋ ಹಳೇ ಡೇಟಾಶೀಟ್ ಕಂಪನಿಯ ತಾಣದಿಂದ ಮಾಯವಾದವು. ಉಳಿದಿದ್ದು ಅವರಿವರು ಇಳಿಸಿಕೊಂಡು ಇಟ್ಟುಕೊಂಡ ಪ್ರತಿಗಳು. ಹಾಗಂತ ಎಲ್ಲರೂ ಕಳೆದುಹಾಕಿದರು ಅಂತಲ್ಲ. ನ್ಯಾಷನಲ್‌ನವರ ಆಂಪ್ಲಿಫೈಯರ್ ಐಸಿ ಎಲ್‌ಎಂ 3886 ಇವತ್ತೂ ಟೆಕ್ಸಸ್‌ನವರ ಕಡೆ ನಡೆಯುತ್ತಿದೆ, ಕಾಗದವೂ ಇದೆ. ಜೊತೆಗೆ ಎಎನ್ 1192 ಅಂತ ನ್ಯಾಷನಲ್‌ನವರ ಕಾಲದ ಒಂದು ಅಪ್ಲಿಕೇಶನ್ ನೋಟ್ ಇದೆ. ಒಂದಕ್ಕಿಂತ ಹೆಚ್ಚು ಐಸಿ ಸೇರಿಸಿ ಪವರ್ ಹೆಚ್ಚಿಸಲು ಬ್ರಿಡ್ಜ್ ಹೇಗೆ, ಪ್ಯಾರಲಲ್ ಹೇಗೆ ಅಂತ ಕೈಹಿಡಿದು ಹೇಳಿಕೊಡುತ್ತದೆ. ಆಂಪ್ಲಿಫೈಯರ್ ಕಟ್ಟುವವರು ಅದೊಂದನ್ನು ತಪ್ಪದೆ ಓದಬೇಕು.

ನಿಮಗೆ ಸಿಕ್ಕ ಎರಡು ಡೇಟಾಶೀಟ್ ತಾಳೆಯಾಗದಿದ್ದಕ್ಕೆ ನನ್ನ ಊಹೆ ಇಷ್ಟು: ಒಂದು 4191ರ ಮುಂದೆ ರೋಮನ್ ಎರಡು ಇರುವುದರದ್ದು, ಇನ್ನೊಂದು ಅದೇ 4191ರ ಮುಂದೆ 'ವಿ' ಇರುವುದರದ್ದು. ಪವರ್ ಅಷ್ಟೇ, ಆದರೆ ಡಿಸ್ಟಾರ್ಶನ್, ಅಂದರೆ ದನಿ ಕೆಡುವ ಪ್ರಮಾಣ, ಮೊದಲನೆಯದಕ್ಕೆ 0.4%, ಎರಡನೆಯದಕ್ಕೆ 0.08%. ನಾವು ಅಂಗಡಿಯಲ್ಲಿ 'ಒಂದು 4191 ಕೊಡಿ' ಅಂದುಬಿಡುತ್ತೇವೆ. ಬಾಲ ಯಾರಿಗೂ ಬೇಡ. ಹಳೇ ಐಸಿ ಇನ್ನೂ ಬಿಸಾಡಿಲ್ಲ ಅಲ್ವಾ? ಅದರ ಮೇಲಿನ ಅಕ್ಷರವನ್ನು ಬಾಲದ ಸಮೇತ ಓದಿ. ಪಿಡಿಎಫ್ ಸಾನ್ಯೋದ್ದೇ ಹೌದಾದರೆ ಮೊದಲ ಪುಟದ ತುದಿಯಲ್ಲಿ ಆರ್ಡರಿಂಗ್ ನಂಬರ್ ಅಂತ ಒಂದು ಸಂಖ್ಯೆ ಇರುತ್ತದೆ. ಒಳಗೆ ಪೂರ್ತಿ ಸರ್ಕ್ಯೂಟ್, ಹೀಟ್‌ಸಿಂಕ್ ಲೆಕ್ಕ ಇರುತ್ತದೆ. ಬರೀ ಒಂದು ಪುಟ, ಪಿನ್ ಚಿತ್ರ, ಮೂಲೆಯಲ್ಲಿ ಯಾವುದೋ ಜಾಹೀರಾತು ಇದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಆದರೆ ಸರಿಯಾದ ಡೇಟಾಶೀಟ್ ಸಿಕ್ಕಿದ್ದರೂ ನಿಮ್ಮ ಹೊಸ ಐಸಿ ಉಳಿಯುತ್ತಿರಲಿಲ್ಲ ಅಂತ ನನ್ನ ಅನುಮಾನ.

ಹೋದ ಹೊಸ ಎಸ್‌ಟಿಕೆ ಬಿಸಾಡಬೇಡಿ. ಮೇಜಿನ ಮೇಲಿಟ್ಟು, ಹಳೇ ಚಾಕುವಿನ ತುದಿಯನ್ನು ಕಪ್ಪು ಮುಚ್ಚಳದ ಅಂಚಿಗೆ ಇಟ್ಟು ಮೆಲ್ಲಗೆ ಮೀಟಿ. ಕಣ್ಣಿಗೆ ಕನ್ನಡಕ ಇರಲಿ, ಚೂರು ಹಾರುತ್ತದೆ. ಮುಚ್ಚಳ ಬಂದ ಮೇಲೆ ಅಪ್ಪನ ಕಾಲದ ಐಸಿಯನ್ನೂ ಹಾಗೆಯೇ ಬಿಚ್ಚಿ ಪಕ್ಕದಲ್ಲಿಡಿ. ಹಳೆಯದರಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಚೂರುಗಳು ದೊಡ್ಡದಾಗಿ, ಒಂದೊಂದೂ ತಾಮ್ರದ ಪುಟ್ಟ ಮಣೆಯ ಮೇಲೆ ಕೂತಿರುತ್ತವೆ. ಬಿಸಿ ಆ ಮಣೆಗೆ ಹರಡಿ, ಅಲ್ಲಿಂದ ತಗಡಿಗೆ, ಅಲ್ಲಿಂದ ಹೀಟ್‌ಸಿಂಕ್‌ಗೆ ಹೋಗಬೇಕು. ಡೂಪ್ಲಿಕೇಟ್‌ನಲ್ಲಿ ಮಣೆ ಇರುವುದಿಲ್ಲ. ಸಾಸಿವೆಗಿಂತ ತುಸು ದೊಡ್ಡ ಚೂರನ್ನು ನೇರ ಗೆರೆಯ ಮೇಲೆ ಬೆಸೆದಿರುತ್ತಾರೆ. 50 ವ್ಯಾಟಿನ ಬಿಸಿ ಹೋಗಲು ಅದಕ್ಕೆ ದಾರಿಯೇ ಇಲ್ಲ. ಎರಡು ದಿನ ಬಾಳಿದ್ದೇ ಹೆಚ್ಚು. ನೀವು ದನಿ ಸಣ್ಣದಾಗಿ ಇಟ್ಟು ಕೇಳುವವರಿರಬೇಕು.

ಈ ಐಸಿಗಳನ್ನು ಕಂಪನಿ ಮಾಡುವುದು ನಿಲ್ಲಿಸಿದ ಮೇಲೂ ಅಂಗಡಿಯಲ್ಲಿ 'ಹೊಸದು' ಬರುತ್ತಲೇ ಇದೆ. ಎಲ್ಲಿಂದ ಬರುತ್ತದೆ ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಎಲ್ಲರನ್ನೂ ಬೈದು ಪ್ರಯೋಜನವಿಲ್ಲ. ಮೇಲಿನ ಅಕ್ಷರಕ್ಕೆ ಥಿನ್ನರ್ ಹಚ್ಚಿದ ಹತ್ತಿ ಒರೆಸಿ ನೋಡಿ. ಅಕ್ಷರ ಹತ್ತಿಗೆ ಬಂದರೆ ಅನುಮಾನ ಪಡಬೇಕು. ಬರಲಿಲ್ಲ ಅಂದ ಮಾತ್ರಕ್ಕೆ ಒರಿಜಿನಲ್ ಅಂತಲೂ ಅಲ್ಲ. ನನ್ನನ್ನು ಕೇಳಿದರೆ, ಗುಜರಿಗೆ ಬಂದ ಹಳೇ ಸೆಟ್‌ನಿಂದ ಕಿತ್ತ ಎಸ್‌ಟಿಕೆ, ಅಂಗಡಿಯ ಹೊಳೆಯುವ ಎಸ್‌ಟಿಕೆಗಿಂತ ಮೇಲು. ಕಾಲು ಗಿಡ್ಡ ಇರುತ್ತವೆ, ಸ್ವಲ್ಪ ಕಷ್ಟಪಡಬೇಕು.

ಅದೂ ಸಿಗದಿದ್ದರೆ ಎಸ್‌ಟಿಕೆ ಆಸೆ ಬಿಟ್ಟುಬಿಡಿ. ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್, ವಾಲ್ಯೂಮ್, ಟೋನ್ ಎಲ್ಲ ಹಾಗೇ ಇಟ್ಟುಕೊಂಡು ಪವರ್ ಭಾಗ ಮಾತ್ರ ಬದಲಿಸಿ. ಐಸಿ ತೆಗೆದ ಬೋರ್ಡ್‌ನಲ್ಲಿ ದೊಡ್ಡ ಕೆಪಾಸಿಟರ್‌ಗಳ ಮೇಲೆ ವೋಲ್ಟೇಜ್ ಅಳೆಯಿರಿ. ±35 ವೋಲ್ಟ್ ಒಳಗಿದ್ದು, ಸ್ಪೀಕರ್ 8 ಓಂ ಇದ್ದರೆ, ಎಲ್‌ಎಂ 3886 ಎರಡು ಹಾಕಿದರೆ ಆಯಿತು. ಆ ವೋಲ್ಟೇಜಿಗೆ, ಆ ಸ್ಪೀಕರ್‌ಗೆ ಅದರ ಡೇಟಾಶೀಟ್‌ನಲ್ಲಿ 50 ವ್ಯಾಟ್ ಅಂತಲೇ ಬರೆದಿದೆ. ನಿಮ್ಮ ಹಳೇ ಐಸಿಯಷ್ಟೇ. ಟಿಡಿಎ 7294 ಅನ್ನುವ ಇನ್ನೊಂದು ಆಂಪ್ಲಿಫೈಯರ್ ಐಸಿ ಕೂಡ ಆಗುತ್ತದೆ. ಒಂದು ಎಚ್ಚರಿಕೆ. ಎಸ್‌ಟಿಕೆಯ ಬೆನ್ನಿಗೆ ವೋಲ್ಟೇಜ್ ಇರುವುದಿಲ್ಲ, ನೇರ ಹೀಟ್‌ಸಿಂಕ್‌ಗೆ ಬಿಗಿಯುತ್ತೇವೆ. 7294ರ ಬೆನ್ನಿನ ತಗಡಿಗೆ ಮೈನಸ್ ಸಪ್ಲೈ ಬಂದಿರುತ್ತದೆ, ಎಲ್‌ಎಂ 3886ರ ಲೋಹದ ಬೆನ್ನಿನದ್ದಕ್ಕೂ ಹಾಗೇ. ಮೈಕಾ ಹಾಳೆಯೋ ಸಿಲಿಕಾನ್ ಪ್ಯಾಡೋ ಇಡದೆ, ಸ್ಕ್ರೂಗೆ ವಾಷರ್ ಹಾಕದೆ ಬಿಗಿದರೆ ಕ್ಯಾಬಿನೆಟ್ ಮೂಲಕ ಶಾರ್ಟ್. ಹೊಗೆ ನೋಡಬೇಕೆಂದಿದ್ದರೆ ಮಾತ್ರ ಹಾಗೆ ಮಾಡಿ.

ಹೊಗೆ ಅಂದಾಗ ನನ್ನದೇ ಕಥೆ ನೆನಪಾಗುತ್ತದೆ. ಡೇಟಾಶೀಟ್ ಕೈಯಲ್ಲಿ ಇಟ್ಟುಕೊಂಡೇ ನಾನು ಕೈ ಸುಟ್ಟುಕೊಂಡವನು. 7294ರ ಡೇಟಾಶೀಟ್‌ನ ತಲೆಬರಹದಲ್ಲೇ ದೊಡ್ಡದಾಗಿ 100 ವೋಲ್ಟ್, 100 ವ್ಯಾಟ್ ಅಂತ ಇದೆ. ನಾನು ಓದಿದ್ದು ಅಷ್ಟೇ. 100 ಅಂದರೆ ±50, ನಮ್ಮದು 48, ಎರಡು ವೋಲ್ಟ್ ಉಳಿದೇ ಉಳಿಯಿತು ಅಂತ ಖುಷಿಯಾಗಿ 34-0-34 ಟ್ರಾನ್ಸ್‌ಫಾರ್ಮರ್ ಹಾಕಿದೆ. ಬೆಳಿಗ್ಗೆ ಹಾಡಿತು. ರಾತ್ರಿ ಊರಿನ ಪಂಪ್‌ಸೆಟ್‌ಗಳೆಲ್ಲ ನಿಂತು ಲೈನ್ ವೋಲ್ಟೇಜ್ ಏರಿದಾಗ, ಒಂದು ಡೊಳ್ಳಿನ ಪೆಟ್ಟಿಗೆ ಪಟ್ ಅಂತ ಸದ್ದಾಯಿತು. ಮರುದಿನ ಎರಡನೇ ಪುಟ ತೆರೆದೆ. ±50 ಸಿಗ್ನಲ್ ಇಲ್ಲದಾಗಿನ ಮಿತಿ. ಹಾಡು ಬರುತ್ತಿರುವಾಗ ±40 ಮೀರುವಂತಿಲ್ಲ. ಆ 100 ವ್ಯಾಟೂ ಅಷ್ಟೇ. ±38 ವೋಲ್ಟಿಗೆ, 8 ಓಂಗೆ, 10% ಡಿಸ್ಟಾರ್ಶನ್ ಇಟ್ಟುಕೊಂಡು, ಒಂದು ಸೆಕೆಂಡಿನ ಲೆಕ್ಕಕ್ಕೆ ಬರುವ ಸಂಖ್ಯೆ ಅದು. ನೆಮ್ಮದಿಯಾಗಿ ಸತತವಾಗಿ ಬರುವುದು 70 ವ್ಯಾಟ್. ಮೊದಲ ಪುಟ ಮಾರುವವರು ಬರೆಯುವುದು, ಒಳಗಿನ ಕೋಷ್ಟಕ ಎಂಜಿನಿಯರ್ ಬರೆಯುವುದು ಅಂತ ನಾನು ಅವತ್ತಿನಿಂದ ಅಂದುಕೊಂಡಿದ್ದೇನೆ.

7294 ಬದಲು ಅಂಗಡಿಯವರು 7293 ಕೊಟ್ಟು 'ಎರಡೂ ಒಂದೇ ಸಾರ್' ಅನ್ನುವುದುಂಟು. ಒಂದೇ ಅಲ್ಲ. 7294ರಲ್ಲಿ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ (ಔಟ್‌ಪುಟ್ ಪೂರ್ತಿ ಏರಲು ನೆರವಾಗುವುದು) 6ನೇ ಕಾಲಿನಿಂದ 14ನೇ ಕಾಲಿಗೆ, ಅಂದರೆ ಔಟ್‌ಪುಟ್‌ಗೆ. 7293ರಲ್ಲಿ ಅದನ್ನು 6ರಿಂದ 12ಕ್ಕೆ ತೋರಿಸಿದ್ದಾರೆ. 7294ರಲ್ಲಿ 12ನೇ ಕಾಲಿಗೆ ಕೆಲಸವೇ ಇಲ್ಲ. ಎರಡೂ ಡೇಟಾಶೀಟ್ ಪಕ್ಕಪಕ್ಕ ಇಟ್ಟು ಕಾಲು ಕಾಲಿಗೂ ಬೆರಳಿಟ್ಟು ಓದಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಇನ್ನು ಸೌಂಡ್‌ಬಾರ್.

ಕಂಪನಿಯವರು ಒಂದು ಪಿಡಿಎಫ್‌ಗೆ ಅಷ್ಟು ಗಲಾಟೆ ಮಾಡುವುದು ಯಾಕೆ ಅಂತ ಕೇಳಿದ್ದೀರಿ. ಹಳೇ ಆಂಪ್ಲಿಫೈಯರ್ ಐಸಿಗೆ ಸಪ್ಲೈ ಕೊಟ್ಟು, ಇನ್‌ಪುಟ್ ಕೊಟ್ಟರೆ ಹಾಡುತ್ತಿತ್ತು. ಫೋನ್‌ನಲ್ಲಿ, ಎಷ್ಟೋ ಚಿಕ್ಕ ಸ್ಪೀಕರ್‌ಗಳಲ್ಲಿ ಈಗ ಇರುವುದು ಸ್ಮಾರ್ಟ್ ಆಂಪ್ಲಿಫೈಯರ್. ಅದು ಸ್ಪೀಕರ್ ಕಾಯಿಲ್‌ಗೆ ಹೋಗುವ ಕರೆಂಟ್, ವೋಲ್ಟೇಜ್ ಎರಡನ್ನೂ ತಾನೇ ಅಳೆಯುತ್ತಿರುತ್ತದೆ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.4%. ತಣ್ಣಗಿದ್ದಾಗ 4 ಓಂ ಇದ್ದ ಕಾಯಿಲ್ ನೂರು ಡಿಗ್ರಿ ಬಿಸಿ ಏರಿದರೆ 5.6 ಓಂ ಹತ್ತಿರ ಆಗುತ್ತದೆ. ಚಿಪ್ ಇದನ್ನು ನೋಡಿ 'ಕಾಯಿಲ್ ಸುಡುತ್ತಿದೆ, ದನಿ ಇಳಿಸು' ಅಂತ ತಾನೇ ತೀರ್ಮಾನ ಮಾಡುತ್ತದೆ. ಕೋನ್ ಎಷ್ಟು ಮುಂದೆ ಹಿಂದೆ ಹೋಗಬಹುದು ಅನ್ನುವುದಕ್ಕೂ ಲೆಕ್ಕ ಇರುತ್ತದೆ. ಕಡಲೆಬೀಜದಷ್ಟು ಸ್ಪೀಕರ್‌ನಿಂದ ಅಷ್ಟು ದನಿ ಬರುವುದು ಈ ಲೆಕ್ಕದಿಂದಲೇ. ಕಂಪನಿ ಮಾರುವುದೂ ಈ ಲೆಕ್ಕವನ್ನೇ. ಸಿಲಿಕಾನ್ ಬರೀ ಪಾತ್ರೆ. ಅದಕ್ಕೇ ಬಚ್ಚಿಡುತ್ತಾರೆ.

ಇನ್ನೊಂದು ಕಾರಣ ಅಷ್ಟೇನೂ ದೊಡ್ಡದಲ್ಲ, ಆದರೆ ನಿಜ. ಒಂದೇ ಸಲಕ್ಕೆ ಸಾವಿರಾರು ಚಿಪ್ ಕೊಳ್ಳುವ ಗಿರಾಕಿಗೆ ಅವರ ಎಂಜಿನಿಯರ್ ಫೋನ್ ಎತ್ತುತ್ತಾನೆ. ನಿಮಗೂ ಡೇಟಾಶೀಟ್ ಕೊಟ್ಟರೆ ನಾಳೆ ನೀವೂ ಫೋನ್ ಮಾಡುತ್ತೀರಿ. ಅವನ ಒಂದು ಗಂಟೆಯ ಸಂಬಳ ನಿಮ್ಮ ಒಂದು ಚಿಪ್‌ನ ಲಾಭದಿಂದ ಹುಟ್ಟುವುದಿಲ್ಲ. ಬೇಜಾರಾದರೂ ಒಪ್ಪಬೇಕು. ನಾನು ಒಪ್ಪದಿರುವುದು ಒಂದೇ: ಚಿಪ್ ಮಾರಾಟ ನಿಂತು ವರ್ಷಗಳಾದ ಮೇಲೂ ಕಾಗದಕ್ಕೆ ಬೀಗ ಹಾಕಿಡುವುದು. ಅದರಿಂದ ಯಾರಿಗೂ ಲಾಭವಿಲ್ಲ, ರಿಪೇರಿ ಆಗಬಹುದಾದ ಸಾಮಾನು ಗುಜರಿ ಸೇರುತ್ತದೆ.

ಎನ್‌ಎಕ್ಸ್‌ಪಿಯ ಟಿಎಫ್‌ಎ 9890 ಅನ್ನುವ ಸ್ಮಾರ್ಟ್ ಆಂಪ್ಲಿಫೈಯರ್ ಚಿಪ್ ನೋಡಿ. ಎಲ್ಲರಿಗೂ ಅಂತ ಹೊರಗೆ ಬಿಟ್ಟಿದ್ದು 'ಶಾರ್ಟ್ ಡೇಟಾಶೀಟ್'. ಏನೇನು ಮಾಡುತ್ತದೆ ಅಂತ ಇದೆ, ಹೇಗೆ ಮಾಡಿಸುವುದು ಅಂತ ಇಲ್ಲ. ಮೆನು ಕೊಟ್ಟು ಅಡುಗೆಮನೆ ಬಾಗಿಲು ಹಾಕಿದ ಹಾಗೆ. 2020ರಲ್ಲಿ ಆ ವಿಭಾಗವೇ ಚೀನಾದ ಗುಡಿಕ್ಸ್ ಕಂಪನಿಗೆ ಮಾರಾಟವಾಯಿತು. ಟೆಕ್ಸಸ್‌ನವರು ಇದಕ್ಕಿಂತ ಉದಾರಿಗಳು, ಬಹಳಷ್ಟು ಡೇಟಾಶೀಟ್ ಪೂರ್ತಿ ಬಿಟ್ಟಿದ್ದಾರೆ. ಆದರೂ ಸ್ಮಾರ್ಟ್ ಚಿಪ್‌ಗಳನ್ನು ಟ್ಯೂನ್ ಮಾಡುವ ಪ್ಯೂರ್‌ಪಾತ್ ಕನ್ಸೋಲ್ ಸಾಫ್ಟ್‌ವೇರ್‌ಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು.

ಬೀಗ ಹಾಕಿದ ಮನೆಗೆ ಹಿತ್ತಲ ಬಾಗಿಲು ಎಷ್ಟೋ ಸಲ ತೆರೆದಿರುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವಂಥದ್ದು. ಅದರಲ್ಲಿ ಸೌಂಡ್ ಫೋಲ್ಡರ್ ಒಳಗೆ ಕೋಡೆಕ್ಸ್ ಅಂತ ಇನ್ನೊಂದು ಫೋಲ್ಡರ್ ಇದೆ. ನೂರಾರು ಆಡಿಯೋ ಚಿಪ್‌ಗಳನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಅಲ್ಲಿದೆ. ರಿಜಿಸ್ಟರ್ (ಚಿಪ್ ಒಳಗೆ ಸೆಟ್ಟಿಂಗ್ ಬರೆಯುವ ಜಾಗ) ಹೆಸರು, ಆನ್ ಮಾಡುವಾಗ ಯಾವುದರಲ್ಲಿ ಏನು ಬರೆಯಬೇಕು, ಎಲ್ಲ. ಮೇಲೆ ಹೇಳಿದ ಟಿಎಫ್‌ಎ ಸರಣಿಗೂ ಒಂದು ಇದೆ. ಆದರೆ ಅದು ಚಿಪ್ ಒಳಗಿನ ಡಿಎಸ್‌ಪಿಯನ್ನು, ಅಂದರೆ ಆ ಲೆಕ್ಕ ಮಾಡುವ ಭಾಗವನ್ನು, ಮುಟ್ಟದೆ, ದನಿಯನ್ನು ಪಕ್ಕದಿಂದ ದಾಟಿಸಿಬಿಡುತ್ತದೆ. ಹಾಡು ಬರುತ್ತದೆ, ಸ್ಪೀಕರ್ ಕಾಯುವ ಲೆಕ್ಕ ಬರುವುದಿಲ್ಲ. ವಾಲ್ಯೂಮ್ ನೀವೇ ನೋಡಿಕೊಳ್ಳಬೇಕು.

ಆ ಚಿಪ್ ಯಾವುದು ಅಂತ ನೀವು ಬರೆದಿಲ್ಲ. ಮೇಲಿನ ನಂಬರ್ ಟಿಎಎಸ್ 57 ಅಂತ ಶುರುವಾಗುವುದಾದರೆ ಅದು ಟೆಕ್ಸಸ್‌ನವರದ್ದು, ಗೋಪ್ಯ ಏನೂ ಇಲ್ಲದಿರಬಹುದು. ಉದಾಹರಣೆಗೆ ಟಿಎಎಸ್ 5711ರ ಡೇಟಾಶೀಟ್ ರಿಜಿಸ್ಟರ್ ಸಮೇತ ಹೊರಗಿದೆ. ಚಿಪ್ ಬೆನ್ನಿನ ಸಂಕೇತ ಹಾಕಿದರೆ ಯಾವ ಚಿಪ್ ಅಂತ ಹೇಳುವ ಸೌಲಭ್ಯವೂ ಟೆಕ್ಸಸ್‌ನವರ ತಾಣದಲ್ಲಿದೆ. ಆದರೆ ಇಂಥ ಚಿಪ್‌ಗೆ ಡೇಟಾಶೀಟ್ ಸಿಕ್ಕಿದ ತಕ್ಷಣ ಹಾಡುವುದಿಲ್ಲ. ಅದಕ್ಕೆ ಬೇಕಾಗಿರುವುದು ಡಿಜಿಟಲ್ ಆಡಿಯೋ, ಜೊತೆಗೆ ಪ್ರತಿ ಸಲ ಆನ್ ಆದಾಗ ಒಂದು ಮೈಕ್ರೋಕಂಟ್ರೋಲರ್ ಬಂದು 'ಏಳಪ್ಪ, ಮ್ಯೂಟ್ ತೆಗಿ' ಅಂತ ಹೇಳಬೇಕು. ಸೌಂಡ್‌ಬಾರ್‌ನ ಮುಖ್ಯ ಚಿಪ್ ಸತ್ತಿದ್ದರೆ ಹೇಳುವವರೇ ಇಲ್ಲ. ಆರ್ಡುಯಿನೋದಂಥ ಮೈಕ್ರೋಕಂಟ್ರೋಲರ್ ಬೋರ್ಡ್‌ಗೆ ಪ್ರೋಗ್ರಾಂ ಬರೆದು ಅಭ್ಯಾಸ ಇದ್ದರೆ ಮಾಡಿ, ಎರಡು ಭಾನುವಾರದ ಕೆಲಸ.

ಅಷ್ಟು ತಾಳ್ಮೆ ಇಲ್ಲದಿದ್ದರೆ, ಚಿಪ್ ಬಿಡಿ. ಸೌಂಡ್‌ಬಾರ್‌ನಲ್ಲಿ ಬೆಲೆ ಬಾಳುವುದು ಸ್ಪೀಕರ್, ಡಬ್ಬ, ಪವರ್ ಸಪ್ಲೈ. ಸಪ್ಲೈ ಅಳೆಯಿರಿ. 24 ವೋಲ್ಟ್ ಒಳಗಿದ್ದರೆ ಟಿಪಿಎ 3116 ಚಿಪ್‌ನ ಆಂಪ್ಲಿಫೈಯರ್ ಬೋರ್ಡ್ ಒಂದು ತಂದು ಕೂರಿಸಿ. ಅದರ ಮಿತಿ 26 ವೋಲ್ಟ್, ಅಂಚಿಗೆ ಹೋಗಬೇಡಿ. ಆ ಚಿಪ್‌ನ ಡೇಟಾಶೀಟ್ ಪೂರ್ತಿ ಸಿಗುತ್ತದೆ, ಚೆನ್ನಾಗಿಯೂ ಬರೆದಿದ್ದಾರೆ. ಬೋರ್ಡ್ ನೋಡಿ ಕೊಳ್ಳುವಾಗ ಒಂದು ಗುರುತು: 3116ಕ್ಕೆ ಬಿಸಿ ಹೋಗುವ ಲೋಹದ ಪ್ಯಾಡ್ ಚಿಪ್‌ನ ಮೇಲ್ಭಾಗದಲ್ಲಿ, ಅದರ ತಮ್ಮ 3118ಕ್ಕೆ ಕೆಳಭಾಗದಲ್ಲಿ. ಮೇಲೆ ಬರೀ ಕಪ್ಪು ಪ್ಲಾಸ್ಟಿಕ್ ಇರುವ ಚಿಪ್‌ಗೆ ಹೀಟ್‌ಸಿಂಕ್ ಅಂಟಿಸಿ '3116' ಅಂತ ಮಾರುತ್ತಿದ್ದರೆ ಅದು ಅಲಂಕಾರದ ಹೀಟ್‌ಸಿಂಕ್.

ಡೇಟಾಶೀಟ್ ಎಲ್ಲೂ ಇಲ್ಲವೇ ಇಲ್ಲ, ಚಿಪ್ ಮೇಲಿನ ಅಕ್ಷರವನ್ನೂ ಉಜ್ಜಿದ್ದಾರೆ ಅನ್ನುವ ಬೋರ್ಡುಗಳೂ ಬರುತ್ತವೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗೆ, ಅಂಥ ಕಡೆ ನಾವು ಬೋರ್ಡನ್ನೇ ಓದುವುದನ್ನು ಮರೆಯುತ್ತೇವೆ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಕಡ್ಡಿಯನ್ನು ದೊಡ್ಡ ಕೆಪಾಸಿಟರ್‌ನ ಮೈನಸ್‌ಗೆ ಹಿಡಿಯಿರಿ, ಇನ್ನೊಂದನ್ನು ಚಿಪ್ ಕಾಲುಗಳ ಮೇಲೆ ಎಳೆಯುತ್ತಾ ಹೋಗಿ. ಬೀಪ್ ಅಂದವು ಗ್ರೌಂಡ್. ಪ್ಲಸ್‌ಗೆ ಹಿಡಿದರೆ ಸಪ್ಲೈ ಕಾಲುಗಳು ಸಿಗುತ್ತವೆ. ಕಾಯಿಲ್ ಸುತ್ತಿದ ಚೌಕ ಡಬ್ಬಿಗಳಿಗೆ ಹೋಗುವ ಕಾಲು ಔಟ್‌ಪುಟ್. ಔಟ್‌ಪುಟ್‌ನಿಂದ ಪಕ್ಕದ ಕಾಲಿಗೆ ಒಂದು ಚಿಕ್ಕ ಕೆಪಾಸಿಟರ್ ಹೋಗಿದ್ದರೆ ಆ ಕಾಲು ಬೂಟ್‌ಸ್ಟ್ರ್ಯಾಪ್. ಕೆಪಾಸಿಟರ್ ಮೂಲಕ ವಾಲ್ಯೂಮ್ ಕಡೆಯಿಂದ ಬರುವುದು ಇನ್‌ಪುಟ್. ಕಾಗದದ ಮೇಲೆ ಇಷ್ಟನ್ನು ಗುರುತು ಮಾಡಿ, ಅಷ್ಟೇ ಕಾಲಿನ ಗೊತ್ತಿರುವ ಚಿಪ್‌ಗಳ ಪಿನ್ ಚಿತ್ರದ ಜೊತೆ ಹೋಲಿಸಿ. 16 ಕಾಲು, 5 ವೋಲ್ಟ್, ಔಟ್‌ಪುಟ್‌ನಲ್ಲಿ ಕಾಯಿಲ್ ಇಲ್ಲ ಅಂದರೆ ಮೊದಲು ಪಿಎಎಂ 8403 ಅನ್ನುವ ಚಿಕ್ಕ ಆಂಪ್ಲಿಫೈಯರ್ ಚಿಪ್ ಜೊತೆ ಹೋಲಿಸಿ ನೋಡಿ, ಹೆಸರು ಏನೇ ಇರಲಿ. ಹತ್ತಾರು ಕಂಪನಿ ಅದೇ ಕಾಲುಗಳ ಚಿಪ್ ಮಾಡುತ್ತವೆ. ಇಂಥ ಬೋರ್ಡ್‌ಗಳಲ್ಲಿ ಸ್ಪೀಕರ್‌ನ ಎರಡೂ ತುದಿಗೂ ವೋಲ್ಟೇಜ್ ಇರುತ್ತದೆ. ಸ್ಪೀಕರ್‌ನ ಒಂದು ವೈರನ್ನು ಗ್ರೌಂಡ್ ಅಂದುಕೊಂಡು ಜೋಡಿಸಬೇಡಿ, ಆಸಿಲೋಸ್ಕೋಪಿನ ಕ್ಲಿಪ್ಪನ್ನೂ ಅಲ್ಲಿ ಕಚ್ಚಿಸಬೇಡಿ.

ಚೀನೀ ಭಾಷೆಯ ಡೇಟಾಶೀಟ್ ಮಾತ್ರ ಸಿಕ್ಕರೆ ಹೆದರಬೇಡಿ. ಪಿನ್ ಕೋಷ್ಟಕ, ಸಂಖ್ಯೆ, ಸರ್ಕ್ಯೂಟ್ ಚಿತ್ರ ಯಾವ ಭಾಷೆಯಲ್ಲೂ ಒಂದೇ. ಉಳಿದಿದ್ದಕ್ಕೆ ಫೋನ್ ಕ್ಯಾಮೆರಾ ಅನುವಾದ ಸಾಕು.

ಹಳೆಯವನ್ನು ಹುಡುಕುವ ಜಾಗ: ಡಿಜಿ-ಕೀ, ಮೌಸರ್‌ನಂಥ ದೊಡ್ಡ ಮಾರಾಟಗಾರರ ತಾಣಗಳಲ್ಲಿ ನಿಂತುಹೋದ ಚಿಪ್‌ಗಳ ಪಿಡಿಎಫ್ ಕೂಡ ಸಿಗುವುದುಂಟು. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಂಪನಿಯ ಹಳೇ ವಿಳಾಸ ಹಾಕಿದರೆ ಆ ಕಾಲದ ಪುಟ ತೆರೆದುಕೊಳ್ಳಬಹುದು. ಹಳೇ ಡೇಟಾ ಬುಕ್‌ಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ ಅಲ್ಲೂ, ಬಿಟ್‌ಸೇವರ್ಸ್ ಅನ್ನುವ ಸಂಗ್ರಹದಲ್ಲೂ ಇಟ್ಟಿದ್ದಾರೆ. ಚಿಪ್‌ನದ್ದು ಸಿಗದಿದ್ದರೆ ಅದೇ ಚಿಪ್ ಹಾಕಿದ ಸೆಟ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಅದರಲ್ಲಿ ಒಂದೊಂದು ಕಾಲಿಗೆ ಎಷ್ಟು ವೋಲ್ಟ್ ಇರಬೇಕು ಅಂತಲೂ ಬರೆದಿರುವುದುಂಟು. ರಿಪೇರಿಗೆ ಡೇಟಾಶೀಟ್‌ಗಿಂತ ಅದೇ ಜಾಸ್ತಿ ಉಪಯೋಗ. ಸಿಕ್ಕಿದ್ದನ್ನು ತಕ್ಷಣ ಇಳಿಸಿಕೊಂಡು ಚಿಪ್ ಹೆಸರಲ್ಲಿ ಸೇವ್ ಮಾಡಿ. ಉದಾಹರಣೆಗೆ ಟ್ರೈಪಾತ್ ಕಂಪನಿಯ ಟಿಎ 2020, ಕ್ಲಾಸ್-ಟಿ ಅಂತ ಹೆಸರು ಮಾಡಿದ ಆಂಪ್ಲಿಫೈಯರ್ ಚಿಪ್. ಕಂಪನಿ 2007ರಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ವರ್ಷದ ನಂತರ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಜಗತ್ತನ್ನು ಅಲುಗಾಡಿಸಿದ 25 ಚಿಪ್‌ಗಳಲ್ಲಿ ಅದನ್ನೂ ಎಣಿಸಿತು. ಅಷ್ಟು ಹೊತ್ತಿಗೆ ಕಂಪನಿಯೇ ಇರಲಿಲ್ಲ. ನನ್ನ ಹತ್ತಿರ ಇರುವ ಅದರ ಡೇಟಾಶೀಟ್ ಸ್ನೇಹಿತನೊಬ್ಬ ಸಿಡಿಯಲ್ಲಿ ಬರೆದುಕೊಟ್ಟಿದ್ದು.

ಕಂಪನಿಗೆ ಮತ್ತೆ ಬರೆಯುವುದಾದರೆ 'ಡೇಟಾಶೀಟ್ ಕಳಿಸಿ' ಅನ್ನಬೇಡಿ. 'ಇಂಥ ಚಿಪ್, ರಿಪೇರಿಗೆ, 7ನೇ ಕಾಲು ಮ್ಯೂಟಾ, ಅದಕ್ಕೆ ಎಷ್ಟು ವೋಲ್ಟ್' ಅಂತ ಒಂದೇ ಪ್ರಶ್ನೆ ಕೇಳಿ. ಕಾಗದ ಕೊಡಲು ಅನುಮತಿ ಬೇಕು, ಒಂದು ಸಾಲಿನ ಉತ್ತರ ಕೊಡಲು ಒಳ್ಳೇ ಮನಸ್ಸಿದ್ದರೆ ಸಾಕು. ನನಗೆ ಎರಡು ಸಲ ಹಾಗೆ ಉತ್ತರ ಬಂದಿದೆ.

ಅಪ್ಪನ ಆಂಪ್ಲಿಫೈಯರ್‌ಗೆ ಯಾವ ಐಸಿ ಹಾಕಿದರೂ ಮೊದಲ ಸಲ ಆನ್ ಮಾಡುವಾಗ ನೇರ ಕರೆಂಟ್ ಕೊಡಬೇಡಿ. 60 ವ್ಯಾಟಿನ ಹಳೇ ಕಾಲದ ಬಲ್ಬ್ ಸೀರೀಸ್‌ನಲ್ಲಿ ಹಾಕಿ, ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆರಿಸಿ. ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ, ಎರಡೂ ಚಾನೆಲ್. 100 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಹಾಕಿ. ಮೀರಿದ್ದರೆ ಹಾಕಬೇಡಿ, ಆ ಅಳತೆ ಮತ್ತು ಬೋರ್ಡಿನ ಎರಡೂ ಬದಿಯ ಫೋಟೋ ನನಗೆ ಕಳಿಸಿ.